ಹಗ್ಗದಂಗಡಿಯವನ ನೊಣದ ಗಾಳ

ಹಗ್ಗದ ಅಂಗಡಿ ಇಟ್ಟವನಿಗೆ ಸಿಕ್ಕು ತಪ್ಪಿದ್ದಲ್ಲ, ವಾರಕ್ಕೊಂದಾದರೂ ಬಂದೇ ಬರುತ್ತದೆ. ಬಿಡಿಸಿಕೊಂಡು ಸುಮ್ಮನಿರುವುದು ಬಿಟ್ಟು ಅದನ್ನು ಊರಿಗೆಲ್ಲ ಹೇಳಿಕೊಂಡು ಬರುವುದು ನನ್ನ ಚಾಳಿ.

ಕೆ.ಆರ್. ನಗರದಲ್ಲಿ ನಮ್ಮದು ಅಪ್ಪನ ಕಾಲದ ಅಂಗಡಿ. ದನ ಕಟ್ಟುವ ಹಗ್ಗ, ಬಾವಿ ಹಗ್ಗ, ಹೊಗೆಸೊಪ್ಪು ಪೋಣಿಸುವ ದಾರ, ಗದ್ದೆಯಲ್ಲಿ ಸಾಲು ಹಿಡಿಯುವ ನಾಟಿ ಹಗ್ಗ, ಬಲೆ, ಗಾಳ, ಎಲ್ಲ ಇದೆ. ಅಂಗಡಿಯ ಹೆಸರಿನ ಕೆಳಗೆ ಅಪ್ಪ ಒಂದು ಸಾಲು ಬರೆಸಿದ್ದಾರೆ: 'ಯಾವ ಕೆಲಸಕ್ಕೆ ಯಾವ ದಾರ? ನಮ್ಮನ್ನು ಕೇಳಿ.' ಆ ಸಾಲೆಂದರೆ ನನಗೆ ಪ್ರಾಣ. ಅಪ್ಪ ಹೋದ ಮೇಲೆ ಬೋರ್ಡಿಗೆ ಮೂರು ಸಲ ಬಣ್ಣ ಬಳಿಸಿದೆ, ಆ ಸಾಲನ್ನು ಮಾತ್ರ ಪೇಂಟರಿಗೆ ಬಿಡದೆ ನಾನೇ ಏಣಿ ಹತ್ತಿ ತಿದ್ದಿದೆ. ಮೊನ್ನೆ ಮೊನ್ನೆ, ಎರಡು ಮಳೆಗಾಲದ ಹಿಂದೆ, ಅದೇ ಸಾಲಿನ ಮೇಲೆ ನಾನೇ ಸುಣ್ಣ ಬಳಿಯಬೇಕಾದ ಕಾಲ ಬಂದಿತ್ತು. ಅದಕ್ಕೆಲ್ಲ ಕಾರಣ ಒಂಬತ್ತಡಿ ಉದ್ದದ ಒಂದು ಕೋಲು.

ಮೊದಲ ಬೇಟೆ

ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರು ಮೆಣಸು ಕೊಯ್ಯುವ ಏಣಿಗೆ ಹಗ್ಗ ಬೇಕೆಂದರೆ ನಮ್ಮಲ್ಲಿಗೇ ಬರುತ್ತಾರೆ. ವಯಸ್ಸಾದವರು, ಮೀನಿನ ಹುಚ್ಚು. ಒಂದು ದಿನ ಮೈಸೂರಿಗೆ ಹೋಗುತ್ತಿದ್ದವರು ಕಾರು ನಿಲ್ಲಿಸಿ, ಉದ್ದನೆಯ ಬಟ್ಟೆಚೀಲವೊಂದನ್ನು ಗಲ್ಲಾದ ಮೇಲಿಟ್ಟರು.

'ನನ್ನ ಭುಜ ಹೋಯಿತು ಮಾರಾಯ. ಇನ್ನು ಬೀಸಲಿಕ್ಕೆ ಆಗುವುದಿಲ್ಲ. ನೀನು ಇಟ್ಟುಕೋ. ದಾರ ಮಾತ್ರ ಹಾಳಾಗಿದೆ, ಸರಿಯಾದ್ದು ನೋಡಿ ಹಾಕಿಕೋ. ದಾರದವನಲ್ಲವಾ ನೀನು!'

ಚೀಲ ಬಿಚ್ಚಿದೆ ನೋಡಿ! ನಾಲ್ಕು ತುಂಡು ಜೋಡಿಸಿದರೆ ಒಂಬತ್ತಡಿ ಕೋಲು, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಬುಡದಲ್ಲಿ ದಾರ ಸುತ್ತುವ ರಾಟೆ. ಜೊತೆಗೊಂದು ಡಬ್ಬಿ, ಅದರ ತುಂಬ ಬೆರಳ ಉಗುರಿನಷ್ಟು ಗಾಳಗಳು, ಒಂದೊಂದಕ್ಕೂ ಗರಿ ಕಟ್ಟಿ ನೊಣದ ಹಾಗೆ ಮಾಡಿದ್ದಾರೆ. ಎರೆಹುಳುವಿಲ್ಲ, ರಾಗಿಹಿಟ್ಟಿನ ಉಂಡೆಯಿಲ್ಲ. ಗರಿಯ ನೊಣವನ್ನು ನೀರಿನ ಮೇಲೆ ಇಳಿಸಿ ಮೀನಿಗೆ ಮೋಸ ಮಾಡುವ ಗಾಳ ಇದು. ಇಷ್ಟು ವರ್ಷ ಗಾಳ ಮಾರಿದ್ದೇನೆ, ಇಂಥದ್ದನ್ನು ಕಣ್ಣಲ್ಲಿ ಕಂಡಿರಲಿಲ್ಲ.

ಕೋಲಿನ ಹಿಡಿಯ ಹತ್ತಿರ '5' ಎಂದು ಬರೆದಿತ್ತು. ನಮ್ಮ ಅಂಗಡಿಯಲ್ಲಿ ಐದು ಎಂದರೆ ಐದೆಳೆ ಹುರಿ. ಇದನ್ನು ಯಾರನ್ನಾದರೂ ಕೇಳಬೇಕೇ? ರಾಟೆಗೆ ಐದೆಳೆ ಹುರಿ ಸುತ್ತಿದೆ, ತುದಿಗೆ ನೊಣ ಕಟ್ಟಿದೆ, ಅಂಗಡಿ ಮುಂದೆ ನಿಂತು ಬೀಸಿದೆ. ನೊಣ ನನ್ನ ಚಪ್ಪಲಿಯ ಮೇಲೆ ಬಿತ್ತು. ಇನ್ನೊಮ್ಮೆ ಬೀಸಿದೆ. ಇನ್ನೊಂದು ಚಪ್ಪಲಿಯ ಮೇಲೆ ಬಿತ್ತು.

ಅಂಗಡಿಯ ಬೆಂಚಿನ ಮೇಲೆ ನಮ್ಮ ಬಾಮೈದ ಕೂತಿದ್ದ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವನು, ಬಂದಾಗೆಲ್ಲ ಆ ಬೆಂಚು ಅವನದೇ. 'ಬಾವ, ತೂಕ ಇಲ್ದೆ ಎಂಗೆ ಓಯ್ತದೆ? ತುದೀಗೆ ಒಂದು ನಟ್ಟು ಕಟ್ಟಿ' ಅಂದ.

ಸರಿ ಅನ್ನಿಸಿತು. ಪಂಪ್‌ಸೆಟ್ಟಿನ ಒಂದು ನಟ್ಟು ಕಟ್ಟಿ, ಉಸಿರು ಬಿಗಿಹಿಡಿದು ಬೀಸಿದೆ. ಹೋಯಿತು! ರಸ್ತೆ ದಾಟಿ ಹೋಯಿತು! ಎದುರಿನ ಟೀ ಅಂಗಡಿಯ ತಟ್ಟೆಗೆ ಬಿದ್ದು, ಎಳೆದಾಗ ಗಾಳದ ತುದಿಯಲ್ಲಿ ಒಂದು ಮೆಣಸಿನಕಾಯಿ ಬೋಂಡ ಬಂತು. ಬೋಂಡ ರಸ್ತೆಯ ಮೇಲೆ ಉರುಳುತ್ತ ನನ್ನ ಕಡೆ ಬರುವುದನ್ನು ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ನೋಡಿದ.

'ಅಣ್ಣ, ಬೇಕಿದ್ರೆ ಒಂದು ಕೂಗು ಆಕ್ಬಾರ್ದಾ? ಚಟ್ನಿ ಸಮೇತ ನಾನೇ ತತ್ತಿದ್ದೆ!'

ಮುಳುಗುವುದೇ ಸರಿ

ಸಾಹುಕಾರರಿಗೆ ಫೋನು ಮಾಡಿದೆ. ಅವರು ನಕ್ಕ ನಗುವಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆಮೇಲೆ ಹೇಳಿದರು: 'ಐದು ಅಂದ್ರೆ ದಾರದ ತೂಕ. ಈ ಗಾಳದಲ್ಲಿ ತುದಿಗೆ ತೂಕ ಕಟ್ಟುವುದಿಲ್ಲ, ದಾರವೇ ತೂಕ. ನೀನು ಎಸೆಯುವುದು ದಾರವನ್ನ. ನೊಣ ಅದರ ಹಿಂದೆ ಹೋಗುತ್ತೆ ಅಷ್ಟೇ. ಅದಕ್ಕೆ ಅಂತಲೇ ದಪ್ಪನೆಯ ದಾರ ಬರುತ್ತೆ. ಕೋಲು ಐದು ಅಂದ್ರೆ ದಾರವೂ ಐದೇ ಆಗಬೇಕು.'

ದಾರವೇ ತೂಕ! ರೋಮಾಂಚನವಾಯಿತು. ಜೀವನವಿಡೀ ದಾರವೆಂದರೆ ಕಟ್ಟುವುದಕ್ಕೆ, ಎಳೆಯುವುದಕ್ಕೆ ಅಂದುಕೊಂಡಿದ್ದವನು ನಾನು. ದಾರವನ್ನೇ ಎಸೆಯುವುದೆಂದರೆ! ಬೆಂಚಿನಲ್ಲಿದ್ದವರಿಗೆಲ್ಲ ಕೈ ಬೀಸಿ ಬೀಸಿ ವಿವರಿಸಿದೆ. ಬಾಮೈದ ಬೋರ್ಡಿನ ಕಡೆ ಕತ್ತೆತ್ತಿ ನೋಡಿದ.

'ಅಂಗಾದ್ರೆ ಯಾವ ಕೆಲ್ಸಕ್ಕೆ ಯಾವ ದಾರ ಅಂತ ನಿಮ್ಗೇ ಗೊತ್ತಿಲ್ಲ ಅನ್ನಿ ಬಾವ.'

'ಯಾಕ್ಲಾ ಗೊತ್ತಿಲ್ಲ? ಈಗ ಗೊತ್ತಾತಲ್ಲ!'

'ಮಾತು ಬ್ಯಾಡ. ಈ ಸಲ ನಿಮ್ ಗದ್ದೆ ನಾಟಿ ಮುಗಿಯೋದ್ರೊಳ್ಗೆ ಈ ಕೋಲಲ್ಲಿ ಒಂದೇ ಒಂದು ಮೀನ್ ಇಡ್ದು ತೋರ್ಸಿ. ಆಗ್ನಿಲ್ಲಾಂದ್ರೆ ಆ ಸಾಲಿನ ಮ್ಯಾಲೆ ನೀವೇ ಸುಣ್ಣ ಬಳೀಬೇಕು.'

ಬೆಂಚು ತುಂಬ ಜನ. ನಾನು 'ಆಗ್ಲಿ ಬುಡು!' ಅಂದುಬಿಟ್ಟೆ. ಅಂದ ಮೇಲೆ ಬೋರ್ಡಿನ ಕಡೆ ನೋಡಿದೆ. ಅದು ನನ್ನ ಸಾಲಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಅಪ್ಪನದು.

ಮೊಬೈಲಿನಲ್ಲಿ ದಾರ ಹುಡುಕಿದೆ. ಐದನೇ ನಂಬರಿನಲ್ಲೇ ಎರಡು ಜಾತಿ: ತೇಲುವುದು, ಮುಳುಗುವುದು. ಮೀನು ಇರುವುದು ನೀರೊಳಗೆ ತಾನೆ? ಬೆಂಚಿನ ಪಂಚಾಯಿತಿಯೂ ಒಮ್ಮತದಿಂದ ಮುಳುಗುವುದೇ ಸರಿ ಎಂದು ತೀರ್ಮಾನಿಸಿತು. ತರಿಸಿದೆ.

ನಮ್ಮ ಮನೆ, ಗದ್ದೆ ಇರುವುದು ಪೇಟೆಯಾಚೆ, ಹೊಸ ಅಗ್ರಹಾರದ ರಸ್ತೆಯ ಹಳ್ಳಿಯಲ್ಲಿ, ಅಲ್ಲೇ ನಮ್ಮ ಊರಿನ ಕೆರೆ ಇದೆ. ಮೀನಿನ ಟೆಂಡರು ಹಿಡಿದವರನ್ನು ಕೇಳಿದರೆ, ಕೋಲನ್ನೊಮ್ಮೆ ನೋಡಿ, 'ಬೀಸ್ಕೊಳಪ್ಪ. ಸಿಕ್ರೆ ನೀನೇ ಮಡಿಕ್ಕೊ' ಅಂದರು. ಅವರ ಧೈರ್ಯ ನನಗೆ ಹಿಡಿಸಲಿಲ್ಲ.

ದಾರ ಮುಳುಗಿತು. ಚೆನ್ನಾಗಿಯೇ ಮುಳುಗಿತು. ತಳ ಮುಟ್ಟಿ ಅಲ್ಲೇ ಕೂತಿತು. ಎಳೆದರೆ ಬರುತ್ತಿಲ್ಲ, ಭಾರವಾಗಿದೆ! 'ದೊಡ್ಡದು ಕಣ್ಲಾ, ದೊಡ್ಡದು!' ಎಂದು ಕಿರುಚಿದೆ. ಹಗ್ಗದವನಾದ್ದರಿಂದ ತುದಿಗೆ ಗಟ್ಟಿ ನೈಲಾನೇ ಕಟ್ಟಿದ್ದೆ. ಹತ್ತು ನಿಮಿಷ ಕೋಲು ಪಕ್ಕಕ್ಕಿಟ್ಟು ಕೈಯಲ್ಲೇ ಎಳೆದೆ. ಪಾಚಿ ಸಮೇತ ಮೇಲೆ ಬಂದದ್ದು ಪಂಪ್‌ಸೆಟ್ಟಿನ ಪೈಪಿನ ತುದಿಗೆ ಹಾಕುವ ಕಬ್ಬಿಣದ ಫುಟ್‌ವಾಲ್ವು.

ಪಕ್ಕದ ಜಮೀನಿನ ರೈತರು ಓಡಿಬಂದು ಅದನ್ನು ಮಗುವಿನ ಹಾಗೆ ಎತ್ತಿಕೊಂಡರು. 'ಎರಡು ವರ್ಸ ಆಗಿತ್ತು ಸಾಮಿ ಇದು ಬಿದ್ದೋಗಿ! ನಾಳಿಕ್ಕೆ ನಮ್ ಬಾವಿ ತಾವ್ಕೂ ಬನ್ನಿ. ಒಂದು ಕೊಡ, ಎರಡು ಚೊಂಬು ಅವೆ.'

ಒಂದೆಲೆಯೂ ಉದುರಲಿಲ್ಲ

ಮುಳುಗುವ ದಾರವನ್ನು ಸಿಟ್ಟಿನಿಂದ ಅಂಗಡಿಯ ಮೊಳೆಗೆ ನೇತುಹಾಕಿದೆ. ಅದೇ ವಾರ ಬಾಮೈದನ ಹೊಲದಲ್ಲಿ ಸೊಪ್ಪು ಮುರಿಯುವ ಕೆಲಸ ಜೋರಾಗಿತ್ತು. ಹೊಗೆಸೊಪ್ಪಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಸಿ ಎಲೆಗಳನ್ನು ದಾರದಿಂದ ಕೋಲುಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗಿಂದ ಬೆಂಕಿಯ ಶಾಖ ಕೊಟ್ಟು ಬೇಯಿಸುತ್ತಾರೆ. ದಾರ ಸಡಿಲವಾದರೆ ಎಲೆ ಉದುರಿ, ಕೆಳಗಿನ ಕಾದ ಕೊಳವೆಯ ಮೇಲೆ ಬಿದ್ದು, ಬ್ಯಾರನ್ನೇ ಹೊತ್ತಿಕೊಂಡುಬಿಡಬಹುದು. ಆದ್ದರಿಂದ ಅಲ್ಲಿ ದಾರವೆಂದರೆ ಪ್ರಾಣ.

ಬಾಮೈದನಿಗೆ ಕೊನೆಯ ನಾಲ್ಕು ಕೋಲಿಗೆ ದಾರ ಸಾಲಲಿಲ್ಲವಂತೆ. ಅಂಗಡಿಗೆ ಬಂದಾಗ ನಾನು ಊಟಕ್ಕೆ ಹೋಗಿದ್ದೆ. ಅವನು ಮೊಳೆಯ ಮೇಲಿದ್ದದ್ದನ್ನು ಕಂಡು, ನುಣ್ಣಗೆ ದಪ್ಪಗಿದೆ, ಎಳೆದರೆ ಹರಿಯುವುದಿಲ್ಲ ಎಂದು ಖುಷಿಯಾಗಿ ಹಿಡಿದುಕೊಂಡು ಹೋದ.

ನಾಲ್ಕು ದಿನ ಬಿಟ್ಟು ಬಂದ. ಮುಖ ಉರಿಯುತ್ತಿತ್ತು. ಕೈಯಲ್ಲಿ ಒಂದು ಕೋಲು, ಅದಕ್ಕೆ ಅಂಟಿದ ಸೊಪ್ಪಿನ ಗಟ್ಟಿ. ಆ ದಾರದ ಮೈಮೇಲೆ ಪ್ಲಾಸ್ಟಿಕ್ಕಿನಂಥ ಲೇಪ ಇರುತ್ತದೆ. ಬ್ಯಾರನ್ನಿನ ಶಾಖಕ್ಕೆ ಅದು ಕರಗಿ ಪಾಕವಾಗಿ, ಎಲೆಗೆ ಎಲೆ, ಎಲೆಗೆ ಕೋಲು ಸೇರಿ ಒಂದೇ ಆಗಿತ್ತು.

'ಬುಡ್ಸಿ ಬಾವ ಇದ್ನ' ಅಂದ.

ನಾನು ಚಾಕು ತಂದೆ, ಆಗಲಿಲ್ಲ. ಸೀಮೆಎಣ್ಣೆ ಹಾಕಿದೆ, ಆಗಲಿಲ್ಲ. ಅವನ ಹೆಂಡತಿ ಜೊತೆಗೆ ಬಂದಿದ್ದಳು. ಸೊಪ್ಪು ಹೋದದ್ದಕ್ಕೆ ಬೇಸರವಿದ್ದರೂ ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ.

'ನಾ ಅಂದಿದ್ದೆ ಅಣ್ಣ, ಗಟ್ಟಿ ದಾರ ತನ್ನಿ, ಒಂದೆಲೆನೂ ಉದುರ್ಬಾರ್ದು ಅಂತ. ನೋಡಿ, ಒಂದಾದ್ರೂ ಉದುರ್ತಾ? ಇನ್ನು ಕೋಲು ಸಮೇತ ಅರಾಜಿಗೆ ಆಕೋದೇಯ.'

ಮಾರು ಹಾಕಿದ್ದು

ಇನ್ನು ತಡಮಾಡುವಂತಿರಲಿಲ್ಲ. ಚುಂಚನಕಟ್ಟೆ ನಾಲೆಗೆ ನೀರು ಬಿಟ್ಟಾಗಿತ್ತು, ಗದ್ದೆಗಳಲ್ಲಿ ಕೆಸರು ತುಳಿಯಲು ಶುರುವಾಗಿತ್ತು. ತೇಲುವ ದಾರ ತರಿಸಿದೆ. ಕಿತ್ತಳೆ ಬಣ್ಣ! ಪೆಟ್ಟಿಗೆ ತೆರೆದಾಗ ನನಗೆ ಹೊಸ ಬಟ್ಟೆ ಬಂದಷ್ಟು ಸಂತೋಷವಾಯಿತು.

ಅಪ್ಪನ ಕಾಲದಿಂದ ನಮ್ಮಲ್ಲೊಂದು ಕಟ್ಟುನಿಟ್ಟು. ಹೊರಗಿನಿಂದ ಬಂದ ಯಾವ ಹಗ್ಗವನ್ನೂ ಮಾರು ಹಾಕದೆ ಒಳಗೆ ಸೇರಿಸುವುದಿಲ್ಲ. ಎರಡೂ ತೋಳು ಚಾಚಿದರೆ ಒಂದು ಮಾರು, ಲೆಕ್ಕಕ್ಕೆ ಆರಡಿ. ಕಂಪನಿಯವರು ನೂರು ಮಾರು ಅಂತ ಬರೆದು ತೊಂಬತ್ತೈದು ಸುತ್ತಿರುತ್ತಾರೆ, ಯಾರನ್ನು ನಂಬುವುದು? ಈ ದಾರ ತೊಂಬತ್ತಡಿ ಅಂತ ಬರೆದಿತ್ತು, ಎಂದರೆ ಹದಿನೈದು ಮಾರು. ಹೊರಗಿನ ತುದಿಗೆ ಒಂದು ಸಣ್ಣ ಚೀಟಿ ಅಂಟಿತ್ತು, ಮೇಲೆ ಏನೋ ಇಂಗ್ಲಿಷಿನಲ್ಲಿ ಬರೆದಿದ್ದರು. ಅಡ್ಡವಾಗುತ್ತದೆ ಎಂದು ಕಿತ್ತು ಬಿಸಾಡಿದೆ.

ಮಾರು ಹಾಕುತ್ತ ಹಾಕುತ್ತ ದಾರವನ್ನೆಲ್ಲ ಕಾಲಬುಡದಲ್ಲಿ ಸುರಿದೆ. ಬೆಂಚಿನವರು ಒಟ್ಟಿಗೆ ಎಣಿಸಿದರು. ಹದಿನಾರು ಬಂತು!

'ಒಂದು ಮಾರು ಜಾಸ್ತೀನೇ ಕೊಟ್ಟವ್ರೆ ಕಣ್ರೋ! ಎಂಥಾ ಧರ್ಮವಂತ್ರು!' ಎಂದು ನಾನು ಕುಣಿದಾಡಿದೆ. ಕೊನೆಗೆ ಕೈಯಲ್ಲಿ ಉಳಿದ ತುದಿಯನ್ನೇ ರಾಟೆಗೆ ಕಟ್ಟಿ, ಹಾಗೆಯೇ ಎಲ್ಲ ಸುತ್ತಿದೆ.

ನನ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. 'ರೀ, ನಿಮ್ ತೋಳು ಚಿಕ್ದು ಕಣ್ರೀ. ನಿಮ್ಮಪ್ಪನೂ ಅದ್ಕೇ ನಿಮ್ ಕೈಲಿ ಕೊಳ್ಳೋವಾಗ ಮಾರು ಆಕುಸ್ತಿರ್ಲಿಲ್ಲ, ಬರೀ ಮಾರೋವಾಗ ಆಕುಸ್ತಿದ್ರು.'

ಹುಂಜ

ಹೊಸ ದಾರ ಬೀಸಿ ಬೀಸಿ ಸಾಹುಕಾರರ ಡಬ್ಬಿಯ ನೊಣಗಳೆಲ್ಲ ಕೆರೆ ಏರಿಯ ಜಾಲಿಮರದ ಪಾಲಾದವು. ಕಟ್ಟುವುದಂತೂ ನನಗೆ ಬೆಣ್ಣೆ ತಿಂದಷ್ಟು ಸುಲಭ, ಗರಿ ಬೇಕಿತ್ತು ಅಷ್ಟೇ. ನಮ್ಮ ಮನೆಯ ಹುಂಜದ ಬಾಲ ನೋಡಬೇಕು ನೀವು, ಕೆಂಪು, ಕಪ್ಪು, ಹಸಿರು ಹೊಳಪು! ಎರಡು ಗರಿ ಸಾಕು ಅಂದುಕೊಂಡೆ. ಎರಡಕ್ಕೆ ಎರಡು ಸೇರಿ, ಉತ್ಸಾಹದಲ್ಲಿ ಬಾಲವೇ ಖಾಲಿಯಾಯಿತು.

ಮಾರನೆಯ ದಿನ ಹೆಂಡತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. 'ಹುಂಜ ಕೂಗೋದೇ ಬುಟ್ಟೈತೆ. ಮಂಕ್ರಿ ಹಿಂದ್ಗಡೆ ಅವಿತ್ಕೊಂಡು ಕುಂತೈತೆ, ನಾಚ್ಕೆ ಆಗಿ. ಅದಕ್ಕೆ ಬಾಲ ಬರೋಗಂಟ ದಿನಾ ನೀವೇ ಎದ್ದು ಕೂಗ್ರಿ.'

ಬಸ್ಸು ನಿಂತದ್ದು

ಎಲ್ಲ ಸರಿಯಾಗಿತ್ತು. ಕೋಲು ಐದು, ದಾರ ಐದು, ತೇಲುವ ಜಾತಿ, ಹೊಸ ನೊಣ. ಆದರೂ ದಾರ ಹೋಗಲೊಲ್ಲದು! ಬೀಸಿದರೆ ನಾಲ್ಕು ಮಾರು ಹೋಗಿ, ಬೇಯಿಸಿದ ಶಾವಿಗೆಯಂತೆ ಮುದುಡಿ ನನ್ನ ಮುಂದೆಯೇ ಬೀಳುತ್ತದೆ. ಕೈಯಲ್ಲೇ ದೋಷವಿರಬೇಕು, ಅಭ್ಯಾಸ ಸಾಲದು ಎಂದು, ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ನಮ್ಮ ಗದ್ದೆಯ ಪಕ್ಕದ ರಸ್ತೆಯಂಚಿನಲ್ಲಿ ನಿಂತು ಬೀಸತೊಡಗಿದೆ.

ಮೊದಲನೆಯ ದಿನ ಬಸ್ಸು ಬಂತು. ನನ್ನ ಮುಂದೆ ಕೀರೆಂದು ನಿಂತಿತು. ಕಂಡಕ್ಟರು ಬಾಗಿಲು ತೆರೆದು, 'ಬೇಗ ಅತ್ರೀ! ದೊಡ್ಡ ಲಗೇಜು ಹಿಂದ್ಗಡೆ!' ಅಂದರು. ನಾನು ಹತ್ತುವುದಿಲ್ಲವೆಂದೆ. 'ಮತ್ಯಾಕ್ರೀ ಅಂಗೆ ಕೈ ಬೀಸಿದ್ರಿ?' ಎಂದು ಬೈದು ಹೋದರು.

ಎರಡನೆಯ ದಿನ ಬೆನ್ನು ತಿರುಗಿಸಿ ನಿಂತೆ. ಆದರೂ ನಿಲ್ಲಿಸಿದರು. ಇಷ್ಟು ಜೋರಾಗಿ ಬೀಸುತ್ತಿದ್ದಾನೆಂದರೆ ಏನೋ ಅನಾಹುತ ಆಗಿದೆ ಎಂದುಕೊಂಡರಂತೆ. ಡ್ರೈವರು ಇಳಿದು ಬಂದು ಟೈರು ಕೂಡ ನೋಡಿದರು. ಮೂರನೆಯ ದಿನ ನಾನು ಕೋಲು ಕೆಳಗಿಟ್ಟು, ಬಸ್ಸು ದಾಟಿಹೋಗಲಿ ಎಂದು ಕಾದೆ. ಕೈಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದೇನೆ, ಬಸ್ಸು ನಿಲ್ಲದೆ ಇರುತ್ತದೆಯೇ?

ನಾಲ್ಕನೆಯ ದಿನದ ಹೊತ್ತಿಗೆ ಊರಿನವರಿಗೆ ಗೊತ್ತಾಗಿಬಿಟ್ಟಿತು. ಮೊದಲು ಅವರು ಬಸ್ಸಿಗಾಗಿ ಒಂದು ಮೈಲಿ ನಡೆಯಬೇಕಿತ್ತು. ಈಗ ಹಾಲಿನ ಕ್ಯಾನು ಹಿಡಿದವರು, ಆಸ್ಪತ್ರೆಗೆ ಹೋಗುವವರು ಏಳೆಂಟು ಜನ ನನ್ನ ಹಿಂದೆ ಸಾಲಾಗಿ ನಿಂತಿರುತ್ತಿದ್ದರು. ಐದನೆಯ ದಿನ ಮೈ ಬಿಸಿಯಾಗಿ ನಾನು ಹೋಗಲಿಲ್ಲ. ಒಂದು ಮುದುಕಿ ಕೋಲೂರಿಕೊಂಡು ಮನೆಗೇ ಬಂದರು.

'ಏಳು ಮಗ, ಬಸ್ ಬತ್ತೈತೆ. ಬಂದು ಒಂದೇ ಒಂದ್ಸಲ ಬೀಸ್ಬುಟ್ಟು ಬಂದು ಮನೀಕೊ.'

ಕೈಯಲ್ಲೊಂದು ಹಿಡಿ ಪೈರು

ಕೊನೆಗೆ ನಮ್ಮ ಗದ್ದೆಯ ನಾಟಿಯ ದಿನವೇ ಬಂತು. ಸಂಜೆಗೆ ನಾಟಿ ಮುಗಿಯುತ್ತದೆ, ಮೀನು ಸಿಕ್ಕಿಲ್ಲ. ಬಾಮೈದ ಬೆಳಿಗ್ಗೆಯೇ ಬಂದಿದ್ದ. ಒಂದು ಡಬ್ಬ ಸುಣ್ಣ, ಹೊಸ ಬ್ರಷ್ಷು ತಂದು ಗದ್ದೆಯ ಬದುವಿನ ಮೇಲೇ ಇಟ್ಟುಕೊಂಡಿದ್ದ. ಅಪ್ಪ ಬೋರ್ಡು ಬರೆಸಿದ ದಿನ ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ಓದಿಸಿದ್ದು ನೆನಪಾಗಿ ಕಣ್ಣು ತುಂಬಿತು.

ನಮ್ಮ ಗದ್ದೆಗೆ ನಾಟಿಗೆ ಬರುವುದು ಕೋಟೆ ತಾಲ್ಲೂಕಿನ ಕಡೆಯ, ಕಾಡಂಚಿನ ಬುಡಕಟ್ಟಿನವರ ಹಾಡಿಯೊಂದರ ಹೆಂಗಸರು. ಹನ್ನೆರಡು ಜನರ ಆ ತಂಡದ ಮುಂದಾಳು ಒಬ್ಬ ಅಕ್ಕ. ಮಾತು ಕಡಿಮೆ, ಆಡಿದರೆ ಎರಡು ಸಲ ಯೋಚಿಸುವಂತಿರುತ್ತದೆ. ನಾನು ಬಾಮೈದನ ಕಣ್ಣು ತಪ್ಪಿಸಿ ಅಂಗಡಿಗೆ ಹೋಗಿ ಮಧ್ಯಾಹ್ನ ಬಂದರೆ, ಗದ್ದೆಯ ನೀರಿನ ಮೇಲೆ ಕಿತ್ತಳೆ ಬಣ್ಣದ ಗೆರೆಯೊಂದು ಎಳೆದಂತೆ ಮಲಗಿದೆ, ಅದರುದ್ದಕ್ಕೂ ಹನ್ನೆರಡು ಜನ ಬಗ್ಗಿ ನಾಟಿ ಹಾಕುತ್ತಿದ್ದಾರೆ!

'ನನ್ ದಾರ!' ಎಂದು ಬದುವಿನ ಮೇಲೆ ಕುಸಿದೆ.

'ಕೂಗ್ಬ್ಯಾಡಿ' ಅಂದಳು ಹೆಂಡತಿ. 'ನಾಟಿ ಹಗ್ಗ ಇಲಿ ಕಡಿದಿತ್ತು. ಹಗ್ಗದಂಗ್ಡಿಯೋರ ಗದ್ದೆಗೆ ಹಗ್ಗ ಇಲ್ಲ ಅಂದ್ರೆ ಜನ ನಗಾಕಿಲ್ವಾ? ಅದ್ಕೇ ನಿಮ್ ರಾಟೇಲಿದ್ದದ್ದ ಬಿಚ್ಕೊಟ್ಟೆ.'

ಅಕ್ಕ ಸೊಂಟ ನೆಟ್ಟಗೆ ಮಾಡಿ ನಿಂತು, 'ಸಾಮಿ, ಇಂಥಾ ನಾಟಿ ಹಗ್ಗ ನಾನು ಕಂಡೇ ಇಲ್ಲ. ಕೆಸ್ರಲ್ಲಿ ಮುಳುಗಲ್ಲ, ದೂರಕ್ಕೂ ಕಾಣ್ತದೆ. ಮುಂದಿನ ಸಲ ಅಂಗ್ಡೀಲಿ ಇದ್ನೇ ಮಡಗಿ' ಅಂದಳು. ನನ್ನ ಮುಖ ನೋಡಿ, ಏನಾಯಿತೆಂದು ಕೇಳಿದಳು. ನಾನು ಕೋಲು, ಬೋರ್ಡು, ಸುಣ್ಣದ ಡಬ್ಬ ಎಲ್ಲ ಹೇಳಿದೆ. ಆಕೆ ಕೇಳಿಸಿಕೊಂಡು ಮತ್ತೆ ನಾಟಿಗೆ ಬಗ್ಗಿದಳು.

ನಾಲ್ಕೂವರೆಗೆ ಕೊನೆಯ ಸಾಲು ಮುಗಿಯಿತು. ಅಕ್ಕ ದಾರವನ್ನು ನಾಲೆಯ ನೀರಿನಲ್ಲಿ ತೊಳೆದು, ಬೆರಳುಗಳ ನಡುವೆ ಉದ್ದಕ್ಕೂ ಸವರಿ ನೋಡಿ, ತಾನೇ ರಾಟೆಗೆ ಸುತ್ತಿ ನನ್ನ ಕೈಗೆ ಕೊಟ್ಟಳು. ಬಾಮೈದ ಸುಣ್ಣದ ಡಬ್ಬ ಎತ್ತಿಕೊಂಡ.

'ನಡೀರಿ ಬಾವ. ನಾಟಿ ಮುಗೀತು.'

'ಯಾರಂದ್ರು ಮುಗೀತು ಅಂತ?' ಅಂದಳು ಅಕ್ಕ. ಅವಳ ಎಡಗೈಯಲ್ಲಿ ಒಂದು ಹಿಡಿ ಪೈರಿತ್ತು. ಗದ್ದೆಯ ಮೂಲೆಯಲ್ಲಿ ಚಾಪೆಯಗಲ ಜಾಗ ಹಾಗೇ ಖಾಲಿ ಬಿಟ್ಟಿದ್ದಳು. 'ಇದು ನನ್ ಕೈಯಾಗಿರಗಂಟ ನಾಟಿ ಮುಗ್ದಿಲ್ಲ. ನಡೀರಿ ಕೆರೆ ತಾವ್ಕೆ.'

ಹೊರಟಿತು ನೋಡಿ ಮೆರವಣಿಗೆ! ಮುಂದೆ ಕೋಲು ಹಿಡಿದ ನಾನು, ಪಕ್ಕದಲ್ಲಿ ಪೈರು ಹಿಡಿದ ಅಕ್ಕ, ಹಿಂದೆ ಕೆಸರುಗಾಲಿನ ಹನ್ನೊಂದು ಹೆಂಗಸರು, ನನ್ನ ಹೆಂಡತಿ, ಸುಣ್ಣದ ಡಬ್ಬದ ಬಾಮೈದ. ಕೆರೆ ಏರಿ ತಲುಪುವ ಹೊತ್ತಿಗೆ ಅರ್ಧ ಊರೇ ಕೂಡಿತ್ತು. ಟೆಂಡರಿನವರು ಕೂಡ ಬಂದಿದ್ದರು.

ನೊಣ ಕಟ್ಟಿದೆ. ಹಿಂದಕ್ಕೆ ಬೀಸಿದೆ, ಮುಂದಕ್ಕೆ ಬೀಸಿದೆ, ಬಿಟ್ಟೆ.

ಹೋಯಿತು! ಅಯ್ಯೋ, ಹೋಯಿತು! ಕಿತ್ತಳೆ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ, ಎಂಟು ಮಾರು ಆಚೆ ತಾವರೆ ಎಲೆಗಳ ಪಕ್ಕ ಮೆತ್ತಗೆ ಇಳಿಯಿತು. ಹುಂಜದ ಗರಿ ನೀರಿನ ಮೇಲೆ ಒಂದು ಕ್ಷಣ ಕೂತಿತು. ನನಗೆ ಮೀನು ಗೀನು ಎಲ್ಲ ಮರೆತುಹೋಯಿತು, ದಾರ ಹೋದ ಚಂದವನ್ನೇ ನೋಡುತ್ತ ಬಾಯಿ ತೆರೆದು ನಿಂತುಬಿಟ್ಟೆ.

'ಎಳೀರೀ!' ಎಂದು ಹೆಂಡತಿ ಬೆನ್ನಿಗೆ ಗುದ್ದಿದಳು.

ಎಳೆದೆ. ಕೋಲು ಬಾಗಿತು. ಫುಟ್‌ವಾಲ್ವು ಹೀಗೆ ಒದ್ದಾಡುವುದಿಲ್ಲ! ಕಿರುಚಿದೆ, ಹೆಂಗಸರೂ ಕಿರುಚಿದರು, ಟೆಂಡರಿನವರೂ ಮೈಮರೆತು 'ಬುಡ್ಬ್ಯಾಡ ಕಣ್ಲಾ!' ಎಂದು ಕಿರುಚಿದರು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಜಿಲೇಬಿ ಮೀನು ಏರಿಯ ಮೇಲೆ ಬಂದು ಪಟಪಟ ಅಂದಿತು. ಬಾಮೈದ ಸುಣ್ಣದ ಡಬ್ಬ ಕೆಳಗಿಟ್ಟ. ಆನಂದಕ್ಕೆ ನಾನು ಅವನನ್ನೇ ತಬ್ಬಿಕೊಂಡೆ.

'ನೋಡ್ದಾ! ಅಭ್ಯಾಸ ಕಣ್ಲಾ! ಹದಿನೈದು ದಿನ ಬೀಸಿದ್ದೀನಿ! ಕೈ ಕುದುರ್ತು!' ಎಂದು ಏರಿಯ ಮೇಲಿದ್ದವರಿಗೆಲ್ಲ ಕೇಳುವಂತೆ ಕೂಗಿದೆ.

ಅಕ್ಕ ಪೈರಿನ ಬೇರಿನಿಂದ ನೀರು ಕೊಡವುತ್ತ ಅಂದಳು: 'ಕೈಯಲ್ಲ ಸಾಮಿ. ದಾರ ತಿರುಗಾಮುರುಗ ಸುತ್ತಿದ್ರಿ. ಅದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಐತೆ. ನೀವು ದಪ್ಪಂದ ರಾಟೆ ಬುಡದಾಗೆ ಅವಿಸಿ, ಸಣ್ಣದ ಮುಂದಕ್ಕೆ ಬುಟ್ಟಿದ್ರಿ, ಅಮ್ಮೋರು ಬಿಚ್ಚುವಾಗ ಕಂಡೆ. ಮರದ ಕೊಂಬೆಗೆ ಅಗ್ಗ ಎಸೆಯೋವಾಗ ಕಲ್ಲು ಯಾವ ತುದೀಗೆ ಕಟ್ಟೋದು? ಎಸೆಯೋ ತುದೀಗಲ್ವಾ? ಅದ್ಕೇ ನಾ ದಪ್ಪಂದ ಮುಂದಕ್ಕೆ ಬರಂಗೆ ಸುತ್ತಿದೆ.'

ಮಾರು ಹಾಕುವ ಹುಮ್ಮಸ್ಸಿನಲ್ಲಿ ನಾನು ಕಿತ್ತೆಸೆದ ಚೀಟಿಯಲ್ಲಿ ಏನು ಬರೆದಿತ್ತೆಂದು ಆಗ ಹೊಳೆಯಿತು: ರಾಟೆಗೆ ಕಟ್ಟಬೇಕಾದ ತುದಿ ಇದೇ ಅಂತ ಇದ್ದಿರಬೇಕು. ಮೊದಲು ನಕ್ಕದ್ದು ಟೆಂಡರಿನವರು. ಆಮೇಲೆ ನಕ್ಕವರನ್ನು ಎಣಿಸಲು ನನಗೆ ಆಗಲಿಲ್ಲ. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ಮಾತ್ರ ನಗದೆ ಗದ್ದೆಗೆ ವಾಪಸು ಹೋಗಿ, ಖಾಲಿ ಮೂಲೆಯಲ್ಲಿ ಆ ಹಿಡಿ ಪೈರನ್ನು ನೆಟ್ಟು, ಕೈ ತೊಳೆದು, ಈಗ ಮುಗಿಯಿತು ಎಂದಳು.

ಮಾತಿನ ಪ್ರಕಾರ ಮೀನು ಹಿಡಿದಾಗಿತ್ತು, ಬೋರ್ಡು ಉಳಿಯಿತು. ಮಾರನೆಯ ದಿನ ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಅಂಗಡಿ ತೆರೆದೆ. ಆ ಹೊತ್ತಿಗೆ ಸುದ್ದಿ ಮಿರ್ಲೆಯವರೆಗೂ ಹೋಗಿತ್ತು ಅಂತ ಕಾಣುತ್ತದೆ. ಮೊದಲ ಗಿರಾಕಿ ಆ ಕಡೆಯ ಹಿರಿಯ ರೈತರು. ಬೋರ್ಡಿನ ಕೆಳಗೆ ನಿಂತು, ಅಪ್ಪನ ಸಾಲನ್ನು ನಿಧಾನವಾಗಿ ಪೂರ್ತಿ ಓದಿದರು. ಆಮೇಲೆ ನನ್ನನ್ನು ನೋಡಿದರು. ನಾನು ಎದ್ದು ನಿಂತು, 'ಕೇಳಿ ಯಜಮಾನ್ರೆ, ಏನ್ ಕೆಲ್ಸಕ್ಕೆ ಬೇಕು?' ಎಂದೆ.

ಅವರು ನನ್ನನ್ನು ದಾಟಿ ಒಳಗಿದ್ದ ನನ್ನ ಹೆಂಡತಿಯ ಕಡೆ ತಿರುಗಿದರು.

'ಅವ್ವ, ಬಾವಿಗೆ ಅಗ್ಗ ತಗೋಬೇಕಿತ್ತು. ಆ ನಾಟಿ ಅಕ್ಕನ ಫೋನ್ ನಂಬ್ರು ಐತಾ?'

ನನ್ನ ಹೆಂಡತಿ ಪುಸ್ತಕ ಕೂಡ ನೋಡದೆ ಬಾಯಿಪಾಠವಾಗಿ ಹೇಳಿದಳು.